ಆರ್ಲ್ಯಾಂಡೋ ಥೀಮ್ ಪಾರ್ಕ್ ರೆಸಾರ್ಟ್: ಟಿಕೆಟ್ ದರದ ಮೇಲೆ ಬೀಳುವ ಶುಲ್ಕಗಳ ನಿಜವಾದ ಲೆಕ್ಕವೇನು?

ತುಂಗಾತೀರ (ಶಾರ್ಲೆಟ್, ನಾರ್ತ್ ಕೆರೊಲೈನಾ) – ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಬರುವ ಮಾರ್ಚ್‌ನಲ್ಲಿ ನನ್ನ ಅಪ್ಪ ಅಮ್ಮ ಶಿವಮೊಗ್ಗದಿಂದ ನಮ್ಮಲ್ಲಿಗೆ ಬರುತ್ತಿದ್ದಾರೆ. ಮಕ್ಕಳ ಶಾಲೆಯ ಸ್ಪ್ರಿಂಗ್ ಬ್ರೇಕ್ ರಜೆಯ ವಾರದಲ್ಲಿ ಆರು ಜನರೂ ಕೂಡಿ ಕಾರಿನಲ್ಲಿ ಆರ್ಲ್ಯಾಂಡೋಗೆ ಹೋಗಿ, ವಾಲ್ಟ್ ಡಿಸ್ನಿ ವರ್ಲ್ಡ್‌ನಲ್ಲಿ ನಾಲ್ಕು ದಿನ ಕಳೆಯಬೇಕೆಂದು ಯೋಚಿಸಿದ್ದೇವೆ. ಮಗಳಿಗೆ 11 ವರ್ಷ, ಮಗನಿಗೆ 5. ಅಮ್ಮನಿಗೆ ಮಂಡಿನೋವಿದೆ, ಅಪ್ಪ ಚೆನ್ನಾಗಿ ನಡೆಯುತ್ತಾರೆ, ಆದರೆ ಬಹಳ ಹೊತ್ತು ನಿಲ್ಲಲಾರರು.

ಟಿಕೆಟ್ ದುಬಾರಿಯೆಂದು ತಿಳಿದೇ ಹೊರಟಿದ್ದೇವೆ. ಆದರೆ ಕೊನೆಗೆ ಒಟ್ಟು ಎಷ್ಟಾಗುತ್ತದೆಂಬುದು ಮಾತ್ರ ಎಷ್ಟು ಕುಳಿತು ಲೆಕ್ಕ ಹಾಕಿದರೂ ಹಿಡಿತಕ್ಕೆ ಸಿಗುತ್ತಿಲ್ಲ. ಪಾರ್ಕಿನ ಹೊರಗಿನ ಒಂದು ಹೋಟೆಲಿನಲ್ಲಿ ಕೋಣೆಯ ಬಾಡಿಗೆ ಕಡಿಮೆ ಕಂಡಿತು. ವಿವರ ಓದುತ್ತ ಹೋದಂತೆ ಅದರಲ್ಲಿ ರೆಸಾರ್ಟ್ ಶುಲ್ಕ (ಬಾಡಿಗೆಯ ಮೇಲೆ ಹೋಟೆಲು ಕಡ್ಡಾಯವಾಗಿ ಹಾಕುವ ಹಣ) ಸೇರಿದೆ, ತೆರಿಗೆ ಸೇರಿಲ್ಲ, ಕಾರು ನಿಲ್ಲಿಸಲು ರಾತ್ರಿಗೆ ಇಷ್ಟೆಂದು ಬೇರೆ ಕೊಡಬೇಕು, ಪಾರ್ಕಿಗೆ ಕರೆದೊಯ್ಯುವ ಬಸ್ಸಿನ ವೇಳೆ ನಮಗೆ ಹೊಂದುವುದಿಲ್ಲ ಎಂದು ಒಂದೊಂದೇ ಹೊರಬಂದವು. ಡಿಸ್ನಿಯ ಹೋಟೆಲುಗಳಲ್ಲಿ ಬಾಡಿಗೆ ಹೆಚ್ಚು, ಆದರೆ ಅಲ್ಲಿ ಏನೇನು ಸೇರಿದೆ ಎಂಬುದು ಸ್ಪಷ್ಟವಾಗುತ್ತಿಲ್ಲ. ಇದರ ಮೇಲೆ ಲೈಟ್ನಿಂಗ್ ಲೇನ್ ಎಂಬ ಬೇಗ ಒಳಬಿಡುವ ಸಾಲಿಗೆ ತಲೆಗಿಷ್ಟು ಎಂದು ಪ್ರತಿದಿನ ಕಟ್ಟಬೇಕಂತೆ.

ಹಿಂದೆ ಹೋಗಿಬಂದ ಸ್ನೇಹಿತರು ಹೇಳುವ ಖರ್ಚಿಗೂ ನನ್ನ ಲೆಕ್ಕಕ್ಕೂ ತಾಳೆಯಾಗುತ್ತಿಲ್ಲ. ಇವುಗಳಲ್ಲಿ ಯಾವುದು ಅನಿವಾರ್ಯ, ಯಾವುದನ್ನು ಬಿಟ್ಟರೂ ನಡೆಯುತ್ತದೆ ಎಂಬುದನ್ನು ಅನುಭವವಿದ್ದವರು ದಯವಿಟ್ಟು ತಿಳಿಸಬೇಕು. ಹಿರಿಯರನ್ನು ಬಿಸಿಲಿನಲ್ಲಿ ಸಾಲಿನಲ್ಲಿ ನಿಲ್ಲಿಸಿ, ಅದಕ್ಕೆ ಇಷ್ಟೊಂದು ಹಣವನ್ನೂ ತೆತ್ತು ಬರುವಂತಾಗಬಾರದೆಂಬುದು ನನ್ನ ಕಾಳಜಿ.

ಟ್ಯಾಂಪಾ ವಾಸಿ (ಫ್ಲಾರಿಡಾ)

ತುಂಗಾತೀರ ಅವರೇ, ನಿಮ್ಮ ಸ್ನೇಹಿತರ ಲೆಕ್ಕ ತಾಳೆಯಾಗದಿರುವುದಕ್ಕೆ ಕಾರಣವಿದೆ. ಅವರು ಹೋದಾಗ ಕೋಣೆಯ ಬಾಡಿಗೆಯೊಳಗೇ ಇದ್ದ ಹಲವು ಸೌಲಭ್ಯಗಳು ಈಗ ಇಲ್ಲ, ಅಥವಾ ಬೇರೆಯಾಗಿ ಮಾರಾಟವಾಗುತ್ತಿವೆ. ಡಿಸ್ನಿಯ ಹೋಟೆಲಿನಲ್ಲಿ ಇಳಿದುಕೊಳ್ಳುವವರನ್ನು ವಿಮಾನ ನಿಲ್ದಾಣದಿಂದ ಉಚಿತವಾಗಿ ಕರೆತರುತ್ತಿದ್ದ ಮ್ಯಾಜಿಕಲ್ ಎಕ್ಸ್‌ಪ್ರೆಸ್ ಬಸ್ಸು 2005ರಲ್ಲಿ ಆರಂಭವಾಗಿ 2022ರ ಜನವರಿಯಲ್ಲಿ ನಿಂತಿತು. ಟಿಕೆಟ್ ಮತ್ತು ಕೋಣೆಯ ಕೀಲಿಯಾಗಿ ಬಳಸಲು ಅತಿಥಿಗಳಿಗೆ ಉಚಿತವಾಗಿ ಕೊಡುತ್ತಿದ್ದ ಮ್ಯಾಜಿಕ್ ಬ್ಯಾಂಡ್ ಕೈಪಟ್ಟಿ 2021ರಲ್ಲಿ ನಿಂತಿತು. ಕೆಲವು ದಿನಗಳಲ್ಲಿ ಗಂಟೆಗಟ್ಟಲೆ ಹೆಚ್ಚು ಸಮಯ ಪಾರ್ಕಿನೊಳಗೆ ಇರಲು ಬಿಡುತ್ತಿದ್ದ ಸೌಲಭ್ಯ ಹೋಗಿ, ಅದರ ಜಾಗದಲ್ಲಿ ಪ್ರತಿದಿನ ಬೆಳಿಗ್ಗೆ ಅರ್ಧ ಗಂಟೆ ಮುಂಚಿತ ಪ್ರವೇಶ ಬಂದಿದೆ. ಒಂದು ವಿಷಯದಲ್ಲಿ ಮಾತ್ರ ಅವರು ಹಿಂದೆ ಸರಿದರು: 2018ರಲ್ಲಿ ತಮ್ಮ ಹೋಟೆಲುಗಳಲ್ಲಿ ರಾತ್ರಿ ಪಾರ್ಕಿಂಗ್‌ಗೆ ವಿಧಿಸಿದ್ದ ಶುಲ್ಕವನ್ನು 2023ರ ಜನವರಿಯಲ್ಲಿ ಕೈಬಿಟ್ಟರು. ಕಾರಿನಲ್ಲಿ ಬರುವ ನಿಮ್ಮಂಥವರಿಗೆ ಇದು ನಿಜವಾದ ಉಳಿತಾಯ.

ಈಗ ನಿಮ್ಮ ಲೆಕ್ಕಕ್ಕೆ ಬರೋಣ. ಡಿಸ್ನಿ ತಾನೇ ನಡೆಸುವ ಹೋಟೆಲುಗಳಲ್ಲಿ ರೆಸಾರ್ಟ್ ಶುಲ್ಕವಿಲ್ಲ. ಹೋಟೆಲಿನಲ್ಲಿಯೂ ಪಾರ್ಕುಗಳಲ್ಲಿಯೂ ಪಾರ್ಕಿಂಗ್ ಉಚಿತ. ಒಳಗಿನ ಬಸ್ಸು, ಮೊನೊರೈಲು, ದೋಣಿ, ತಂತಿಯ ಮೇಲೆ ತೂಗಿ ಸಾಗುವ ಸ್ಕೈಲೈನರ್ ಎಲ್ಲವೂ ಉಚಿತ. ಹೊರಗಿನ ಹೋಟೆಲಿನಿಂದ ಕಾರಿನಲ್ಲಿ ಬಂದರೆ ಪಾರ್ಕಿನಲ್ಲಿ ಪ್ರತಿದಿನ ಪಾರ್ಕಿಂಗ್ ಹಣ ಕೊಡಬೇಕು; 2024ರಲ್ಲಿ ಅದು ದಿನಕ್ಕೆ 30 ಡಾಲರ್ ಇತ್ತು, ಆ ಲೆಕ್ಕದಲ್ಲಿ ನಾಲ್ಕು ದಿನಕ್ಕೆ 120 ಆಯಿತು. ಅದರೊಂದಿಗೆ ಹೋಟೆಲಿನ ರಾತ್ರಿ ಪಾರ್ಕಿಂಗ್ ಶುಲ್ಕವನ್ನು ಕೂಡಿಸಿ ಹೋಲಿಸಿದರೆ, ಕಡಿಮೆಯೆಂದು ಕಂಡ ಬಾಡಿಗೆ ಎಷ್ಟೋ ಸಲ ಸಮಕ್ಕೆ ಬಂದು ನಿಲ್ಲುತ್ತದೆ. ಕೋಣೆಯ ತೆರಿಗೆ ಹೋಟೆಲು ಯಾವ ಕೌಂಟಿಯಲ್ಲಿ (ಜಿಲ್ಲೆಯಲ್ಲಿ) ಇದೆ ಎಂಬುದರ ಮೇಲೆ ಬದಲಾಗುತ್ತದೆ: ಆರೆಂಜ್ ಕೌಂಟಿಯಲ್ಲಿ ಶೇ. 12.5, ಆಸಿಯೋಲಾ ಕೌಂಟಿಯಲ್ಲಿ ಶೇ. 13.5, ಹೊರಗಿನ ಹೋಟೆಲುಗಳಲ್ಲಿ ರೆಸಾರ್ಟ್ ಶುಲ್ಕದ ಮೇಲೂ ಈ ತೆರಿಗೆ ಬೀಳುತ್ತದೆ ಎಂಬುದನ್ನು ಮರೆಯಬೇಡಿ.

ನಿಮ್ಮ ವಿಷಯದಲ್ಲಿ ಮುಖ್ಯವಾದ ಇನ್ನೊಂದು ಅಂಶವಿದೆ. ಡಿಸ್ನಿಯ ಸಾಮಾನ್ಯ ಕೋಣೆಗಳಲ್ಲಿ ಹೆಚ್ಚಿನವು ನಾಲ್ವರಿಗೆ ಮಾತ್ರ, ಮತ್ತು ತೋರಿಸುವ ಬಾಡಿಗೆ ಇಬ್ಬರು ವಯಸ್ಕರದ್ದು. ಮೂರನೆಯ, ನಾಲ್ಕನೆಯ ವಯಸ್ಕರಿಗೆ ಪ್ರತಿ ರಾತ್ರಿ ಹೆಚ್ಚುವರಿ ಹಣ ಸೇರುತ್ತದೆ. ಅಪ್ಪ ಅಮ್ಮನ ಹೆಸರು ಸೇರಿಸಿದ ಕೂಡಲೇ ದರ ಏಕೆ ಏರಿತೆಂದು ಹಲವರು ಗಾಬರಿಯಾಗುವುದು ಇದರಿಂದಲೇ. ಆರ್ಟ್ ಆಫ್ ಆ್ಯನಿಮೇಷನ್ ಮತ್ತು ಆಲ್ ಸ್ಟಾರ್ ಮ್ಯೂಸಿಕ್ ಹೋಟೆಲುಗಳಲ್ಲಿ ಆರು ಜನ ಮಲಗಬಹುದಾದ, ಎರಡು ಬಚ್ಚಲುಮನೆಗಳಿರುವ ಫ್ಯಾಮಿಲಿ ಸ್ವೀಟ್‌ಗಳಿವೆ. ಅದರ ಬಾಡಿಗೆಯನ್ನೂ ಎರಡು ಸಾಧಾರಣ ಕೋಣೆಗಳ ಬಾಡಿಗೆಯನ್ನೂ ಪಕ್ಕಪಕ್ಕ ಇಟ್ಟು ನೋಡಿ. ಎರಡು ಕೋಣೆ ಅಗ್ಗವಾಗುವ ದಿನಗಳೂ ಇರುತ್ತವೆ.

ಟಿಕೆಟ್‌ನಲ್ಲಿ 3ರಿಂದ 9 ವರ್ಷದವರು ಮಾತ್ರ ಮಕ್ಕಳು. ನಿಮ್ಮ ಮಗಳಿಗೆ ವಯಸ್ಕರ ದರವೇ ಬೀಳುತ್ತದೆ, ಮಗನಿಗೂ ರಿಯಾಯಿತಿ ಹೇಳಿಕೊಳ್ಳುವಷ್ಟಿಲ್ಲ. ಒಂದು ದಿನದ ಟಿಕೆಟ್ ಪಾರ್ಕು ಮತ್ತು ದಿನಾಂಕದ ಮೇಲೆ 119 ಡಾಲರಿನಿಂದ ಆರಂಭವಾಗಿ, 2025ರ ಕ್ರಿಸ್‌ಮಸ್ ವಾರದಲ್ಲಿ ಇಲ್ಲಿನ ಪಾರ್ಕುಗಳಲ್ಲಿ ಒಂದಾದ ಮ್ಯಾಜಿಕ್ ಕಿಂಗ್‌ಡಮ್‌ಗೆ 199ರವರೆಗೆ ಹೋಗಿತ್ತು. ಇದಕ್ಕೆ ಶೇ. 6.5 ಮಾರಾಟ ತೆರಿಗೆ ಬೇರೆ. ಹೆಚ್ಚು ದಿನದ ಟಿಕೆಟ್ ಕೊಂಡಷ್ಟೂ ದಿನದ ಸರಾಸರಿ ಇಳಿಯುತ್ತದೆ. ಆದರೂ ಅಪ್ಪ ಅಮ್ಮನಿಗೆ ನಾಲ್ಕೂ ದಿನ ಕೊಳ್ಳಬೇಕೇ ಎಂದು ಯೋಚಿಸಿ. ಅವರಿಗೆ ಎರಡು ದಿನ, ನಿಮಗೆ ನಾಲ್ಕು ದಿನ ಎಂದು ಬೇರೆಬೇರೆಯಾಗಿ ಕೊಳ್ಳಬಹುದು. ಒಂದೇ ಟಿಕೆಟನ್ನು ಒಬ್ಬೊಬ್ಬರು ಒಂದೊಂದು ದಿನ ಬಳಸುವುದು ಮಾತ್ರ ಸಾಧ್ಯವಿಲ್ಲ, ಬಾಗಿಲಲ್ಲಿ ಬೆರಳಿನ ಗುರುತು ನೋಡುತ್ತಾರೆ.

ಊಟದ ವಿಷಯದಲ್ಲಿ ನೆಮ್ಮದಿಯಾಗಿರಿ. ಹೊರಗಿನ ತಿಂಡಿಯನ್ನು ಒಳಗೆ ತರಲು ಬಿಡುತ್ತಾರೆ. ಗಾಜಿನ ಪಾತ್ರೆ ಮತ್ತು ಮದ್ಯ ಕೂಡದು. ನಾವು ಪುಳಿಯೋಗರೆ, ಚಪಾತಿ–ಪಲ್ಯವನ್ನು ಡಬ್ಬಿಯಲ್ಲಿ ಕಟ್ಟಿಕೊಂಡೇ ಹೋಗುತ್ತೇವೆ. ಕೌಂಟರಿನಲ್ಲಿ ಊಟ ಕೊಡುವ ಉಪಾಹಾರ ಗೃಹಗಳಲ್ಲಿ ಏನನ್ನೂ ಕೊಳ್ಳದಿದ್ದರೂ ಒಂದು ಲೋಟ ತಣ್ಣೀರನ್ನು ಉಚಿತವಾಗಿ ಕೊಡುತ್ತಾರೆ. ಒಂದು ಹೊತ್ತು ಕುಳಿತು ಬಿಸಿಬಿಸಿಯಾಗಿ ಉಣ್ಣಬೇಕೆಂದರೆ, ಆ್ಯನಿಮಲ್ ಕಿಂಗ್‌ಡಮ್ ಲಾಡ್ಜ್‌ನ ಸನಾ ಎಂಬಲ್ಲಿ ನಾನ್ ಮತ್ತು ಬಗೆಬಗೆಯ ಚಟ್ನಿಗಳ ತಟ್ಟೆ ಸಿಗುತ್ತದೆ. ಕಿಟಕಿಯಾಚೆ ಜಿರಾಫೆ, ಜೀಬ್ರಾಗಳು ಮೇಯುತ್ತಿರುತ್ತವೆ, ಮತ್ತು ಆ ಹೋಟೆಲಿಗೆ ಊಟಕ್ಕೆಂದು ಹೋಗಲು ಪಾರ್ಕಿನ ಟಿಕೆಟ್ ಬೇಕಿಲ್ಲ. ಹಿರಿಯರಿಗೆ ಅದೊಂದು ಮಧ್ಯಾಹ್ನ ಹಿತವಾಗಿರುತ್ತದೆ.

ಅಟ್ಲಾಂಟಾ ಕನ್ನಡಿಗ

ಮೇಲಿನ ಮಾಹಿತಿಗೆ ಧನ್ಯವಾದಗಳು. ದಿನಾಂಕಕ್ಕೆ ತಕ್ಕಂತೆ ಟಿಕೆಟ್ ದರ ಬದಲಾಗುವುದನ್ನು ನಾನು ಅಷ್ಟಾಗಿ ವಿರೋಧಿಸುವುದಿಲ್ಲ. 2016ರಲ್ಲಿ ಒಂದು ದಿನದ ಟಿಕೆಟ್‌ಗಳಿಗೆ, 2018ರಲ್ಲಿ ಹಲವು ದಿನದ ಟಿಕೆಟ್‌ಗಳಿಗೆ ಆ ಪದ್ಧತಿ ಬಂತು. ಕ್ರಿಸ್‌ಮಸ್ ವಾರದಲ್ಲೇ ಬರಬೇಕೆನ್ನುವವರು ಹೆಚ್ಚು ಕೊಡುತ್ತಾರೆ, ಸೆಪ್ಟೆಂಬರಿನಲ್ಲಿ ಬರಬಲ್ಲವರು ಕಡಿಮೆ ಕೊಡುತ್ತಾರೆ, ಜನಸಂದಣಿಯೂ ಒಂದಿಷ್ಟು ಹಂಚಿಹೋಗುತ್ತದೆ. ದರ ಮೊದಲೇ ಕ್ಯಾಲೆಂಡರಿನಲ್ಲಿ ಕಾಣುವುದರಿಂದ ಮೋಸವೆನ್ನಲಾಗದು. ಶಾಲೆಗೆ ಹೋಗುವ ಮಕ್ಕಳಿರುವವರಿಗೆ ದಿನಾಂಕದ ಆಯ್ಕೆಯೇ ಇಲ್ಲವೆಂಬುದು ಮಾತ್ರ ದುಃಖದ ಸಂಗತಿ.

ನನಗೆ ಒಪ್ಪಿಗೆಯಾಗದಿರುವುದು ಹಣ ಕೊಟ್ಟವರ ಸಾಲು. 1999ರಲ್ಲಿ ಬಂದ ಫಾಸ್ಟ್‌ಪಾಸ್, ಅಂದರೆ ಬೇಗ ಒಳಬಿಡುವ ಸಾಲಿನ ಚೀಟಿ, ಪ್ರವೇಶ ಟಿಕೆಟ್ ಪಡೆದ ಎಲ್ಲರಿಗೂ ಉಚಿತವಾಗಿತ್ತು. 2020ರಲ್ಲಿ ಸಾಂಕ್ರಾಮಿಕದಿಂದ ಪಾರ್ಕುಗಳು ಮುಚ್ಚಿದಾಗ ಅದು ನಿಂತಿತು. 2021ರ ಅಕ್ಟೋಬರಿನಲ್ಲಿ ಜೀನಿ ಪ್ಲಸ್ ಎಂಬ ಹೆಸರಿನಲ್ಲಿ ತಲೆಗೆ ದಿನಕ್ಕೆ 15 ಡಾಲರಿನಂತೆ ಮರಳಿತು. ಒಂದು ವರ್ಷದಲ್ಲಿ ಆ ದರವೂ ದಿನಾಂಕಕ್ಕೆ ತಕ್ಕಂತೆ ಏರಿಳಿಯತೊಡಗಿತು. 2024ರ ಜುಲೈಯಿಂದ ಲೈಟ್ನಿಂಗ್ ಲೇನ್ ಮಲ್ಟಿ ಪಾಸ್ ಎಂಬ ಹೆಸರಿನಲ್ಲಿದೆ. ಜನದಟ್ಟಣೆಯ ದಿನಗಳಲ್ಲಿ ಮ್ಯಾಜಿಕ್ ಕಿಂಗ್‌ಡಮ್‌ನಲ್ಲಿ ಇದು 30 ಡಾಲರ್ ದಾಟುತ್ತದೆ, ಆರು ಜನರಿಗೆ ಒಂದೇ ದಿನಕ್ಕೆ 180ಕ್ಕೂ ಮೇಲೆ. ಅತ್ಯಂತ ಬೇಡಿಕೆಯ ಕೆಲವು ಸವಾರಿಗಳು ಇದರಲ್ಲಿ ಸೇರುವುದೇ ಇಲ್ಲ. ಅವಕ್ಕೆ ಸಿಂಗಲ್ ಪಾಸ್ ಎಂದು ಮತ್ತೆ ಬೇರೆ ಹಣ. ವೇಳೆ ಕಾಯ್ದಿರಿಸದೆ ಒಂದೊಂದು ಸವಾರಿಗೆ ಒಂದು ಸಲ ಬೇಗ ಹೋಗಲು ಬಿಡುವ, 2024ರ ಅಕ್ಟೋಬರಿನಲ್ಲಿ ಬಂದ ಪ್ರೀಮಿಯರ್ ಪಾಸ್ ಆರಂಭದಲ್ಲೇ ದಿನಕ್ಕೆ ತಲೆಗೆ 129ರಿಂದ 449 ಡಾಲರ್ ಇತ್ತು, ಅದೂ ಪಾರ್ಕಿನ ಪ್ರವೇಶ ಟಿಕೆಟ್ ಬಿಟ್ಟು.

ಈ ಸಾಲೂ ಸಾಮಾನ್ಯ ಸಾಲೂ ಕೂಡುವ ಜಾಗದಲ್ಲಿ ನಿಂತು ನೋಡಿದವರಿಗೆ ನನ್ನ ಮಾತು ಅರ್ಥವಾದೀತು. ಒಬ್ಬ ಸಿಬ್ಬಂದಿ ಅಡ್ಡಹಗ್ಗದ ಬಳಿ ನಿಂತಿರುತ್ತಾರೆ. ಹಣ ಕೊಟ್ಟವರ ಸಾಲಿನಿಂದ ಗುಂಪಿನ ಮೇಲೆ ಗುಂಪು ಒಳಗೆ ಹೋಗುತ್ತಿರುತ್ತದೆ, ಅದು ಬರಿದಾಗುವ ಹೊತ್ತಿಗೆ ಈ ಕಡೆಯಿಂದ ಕೆಲವರನ್ನು ಬಿಡುತ್ತಾರೆ. ಸವಾರಿಯೊಂದು ಗಂಟೆಗೆ ಇಷ್ಟೇ ಜನರನ್ನು ಕೂರಿಸಿಕೊಳ್ಳಬಲ್ಲದು. ಆದ್ದರಿಂದ ಒಬ್ಬರಿಗೆ ಉಳಿದ ಸಮಯವನ್ನು ಮತ್ತೊಬ್ಬರು ನಿಂತು ತುಂಬಿಕೊಡಲೇಬೇಕು. ಆ ಸಾಲಿನಲ್ಲಿ ನಿದ್ದೆ ಹೋದ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ನಿಂತ ತಂದೆಯೂ ಪ್ರವೇಶಕ್ಕೆ ಪೂರ್ತಿ ಹಣ ಕೊಟ್ಟೇ ಬಂದಿರುತ್ತಾರೆ. ಹೊಸ ಸೌಲಭ್ಯವೊಂದನ್ನು ಕಟ್ಟಿ ಅದಕ್ಕೆ ಬೆಲೆ ಕೇಳಿದರೆ ಯಾರದೂ ತಕರಾರಿರುವುದಿಲ್ಲ. ಇಲ್ಲಿ ಮಾರಾಟವಾಗುತ್ತಿರುವುದು ಪಕ್ಕದವರ ಸರದಿ. ಇದನ್ನು ನಾನು ಅನ್ಯಾಯವೆಂದೇ ಭಾವಿಸುತ್ತೇನೆ.

ಸವಾರಿಗೊಂದು ಬೆಲೆ ಎಂಬುದು ಡಿಸ್ನಿಗೆ ಹೊಸದಲ್ಲವೆಂದು ಕೆಲವರು ವಾದಿಸುತ್ತಾರೆ. ಅದು ನಿಜ. 1971ರ ಅಕ್ಟೋಬರ್ 1ರಂದು ಈ ಪಾರ್ಕು ತೆರೆದಾಗ ಪ್ರವೇಶಕ್ಕೆ 3.50 ಡಾಲರ್ ಇತ್ತು, ಸವಾರಿಗಳಿಗೆ ಎ ಇಂದ ಇ ವರೆಗಿನ ಕೂಪನ್‌ಗಳನ್ನು ಬೇರೆ ಕೊಳ್ಳಬೇಕಿತ್ತು; ಇಲ್ಲಿಯೇ ಎಪ್‌ಕಾಟ್ ಎಂಬ ಇನ್ನೊಂದು ಪಾರ್ಕು ತೆರೆದ 1982ರ ಹೊತ್ತಿಗೆ ಎಲ್ಲವನ್ನೂ ಒಳಗೊಂಡ ಒಂದೇ ಟಿಕೆಟ್ ಬಂತು. ಆದರೆ ಆಗಿನ ಪ್ರವೇಶ ದರ ಹಣದುಬ್ಬರ ಸೇರಿಸಿದರೂ ಇಂದಿನ 28 ಡಾಲರಿನ ಆಸುಪಾಸಿನದು. ಆಗ ಪ್ರವೇಶ ಅಗ್ಗವಾಗಿ ಸವಾರಿಗೆ ಹಣವಿತ್ತು. ಈಗ ಎರಡಕ್ಕೂ ಕೊಡಬೇಕಾಗಿದೆ.

ಲೆಕ್ಕಪತ್ರ (ಎಡಿಸನ್, ನ್ಯೂಜೆರ್ಸಿ)

ಪ್ರಶ್ನೆಯಲ್ಲಿ ರೆಸಾರ್ಟ್ ಶುಲ್ಕದ ಪ್ರಸ್ತಾಪವಿರುವುದರಿಂದ ಕಾನೂನಿನ ಸ್ಥಿತಿಯನ್ನು ಹೇಳಬಯಸುತ್ತೇನೆ. ಗ್ರಾಹಕರ ಹಿತ ಕಾಯುವ ಅಮೆರಿಕದ ಸರ್ಕಾರಿ ಸಂಸ್ಥೆಯಾದ ಫೆಡರಲ್ ಟ್ರೇಡ್ ಕಮಿಷನ್ 2024ರ ಡಿಸೆಂಬರಿನಲ್ಲಿ ಅಂತಿಮಗೊಳಿಸಿದ ನಿಯಮವು 2025ರ ಮೇ 12ರಿಂದ ಜಾರಿಯಲ್ಲಿದೆ. ಹೋಟೆಲಿನಂತಹ ಅಲ್ಪಾವಧಿ ವಸತಿಗೆ ಮತ್ತು ಸಂಗೀತ, ನಾಟಕ, ಕ್ರೀಡೆಯಂತಹ ನೇರ ಕಾರ್ಯಕ್ರಮಗಳ ಟಿಕೆಟ್‌ಗಳಿಗೆ ಅದು ಅನ್ವಯಿಸುತ್ತದೆ. ಗ್ರಾಹಕರು ತಪ್ಪಿಸಿಕೊಳ್ಳಲಾಗದ ಪ್ರತಿಯೊಂದು ಶುಲ್ಕವನ್ನೂ ಸೇರಿಸಿದ ಒಟ್ಟು ದರವನ್ನೇ ಜಾಹೀರಾತಿನಲ್ಲಿ ಎದ್ದುಕಾಣುವಂತೆ ತೋರಿಸಬೇಕು. ಸರ್ಕಾರಿ ತೆರಿಗೆಯನ್ನು ಆ ಮೊತ್ತದಿಂದ ಹೊರಗಿಡಬಹುದು. ಶುಲ್ಕ ವಿಧಿಸಬಾರದೆಂದು ನಿಯಮ ಹೇಳುವುದಿಲ್ಲ, ಎಷ್ಟಿರಬೇಕೆಂದೂ ಹೇಳುವುದಿಲ್ಲ, ಬಚ್ಚಿಡಬಾರದೆಂದಷ್ಟೇ ಹೇಳುತ್ತದೆ.

ಕಾರು ತರುವುದು ಅತಿಥಿಯ ಆಯ್ಕೆ ಎಂದು ಪರಿಗಣಿತವಾಗುವುದರಿಂದ ಪಾರ್ಕಿಂಗ್ ಶುಲ್ಕ ಆ ಒಟ್ಟು ದರದೊಳಗೆ ಬರಬೇಕಾಗಿಲ್ಲ. ತುಂಗಾತೀರ ಅವರಿಗೆ ರೆಸಾರ್ಟ್ ಶುಲ್ಕ ಒಳಗೆ, ಪಾರ್ಕಿಂಗ್ ಹೊರಗೆ ಕಂಡದ್ದು ಇದಕ್ಕಾಗಿಯೇ. ಹೋಟೆಲಿಗೆ ಒಂದು ಇಮೇಲ್ ಬರೆದು, ತೆರಿಗೆ, ಒಂದು ಕಾರಿನ ಪಾರ್ಕಿಂಗ್, ನಾಲ್ವರು ವಯಸ್ಕರು ಇಬ್ಬರು ಮಕ್ಕಳು ಎಂದು ಸ್ಪಷ್ಟವಾಗಿ ತಿಳಿಸಿ, ಹೊರಡುವ ದಿನ ನಾವು ಕಟ್ಟಬೇಕಾದ ಮೊತ್ತವೆಷ್ಟು ಎಂದು ಬರಹದಲ್ಲಿ ಕೇಳಿ. ಡಿಸ್ನಿಯ ಆವರಣದೊಳಗಿದ್ದರೂ ಸ್ವಾನ್ ಮತ್ತು ಡಾಲ್ಫಿನ್ ಹೋಟೆಲುಗಳನ್ನು ನಡೆಸುವವರು ಬೇರೆ. ಅಲ್ಲಿ ರೆಸಾರ್ಟ್ ಶುಲ್ಕವೂ ಇದೆ, ಪಾರ್ಕಿಂಗ್ ಶುಲ್ಕವೂ ಇದೆ. ಆರ್ಲ್ಯಾಂಡೋದ ಇನ್ನೊಂದು ಥೀಮ್ ಪಾರ್ಕ್ ಸಂಸ್ಥೆಯಾದ ಯೂನಿವರ್ಸಲ್ ತನ್ನ ಹೋಟೆಲುಗಳ ಅತಿಥಿಗಳಿಂದಲೂ ರಾತ್ರಿ ಪಾರ್ಕಿಂಗ್‌ಗೆ ಹಣ ಪಡೆಯುತ್ತದೆ.

ದರ ಏಕೆ ಇಳಿಯುತ್ತಿಲ್ಲವೆಂದು ಕೇಳುವವರಿಗೆ ಕಂಪನಿಯ ವಾರ್ಷಿಕ ಲೆಕ್ಕವೇ ಉತ್ತರ ಕೊಡುತ್ತದೆ. 2024ರ ಆರ್ಥಿಕ ವರ್ಷದಲ್ಲಿ ಡಿಸ್ನಿಯ ಎಲ್ಲ ವಿಭಾಗಗಳ ಕಾರ್ಯಾಚರಣೆಯ ಲಾಭ ಸುಮಾರು 15.6 ಶತಕೋಟಿ ಡಾಲರ್. ಅದರಲ್ಲಿ ಪಾರ್ಕು, ಹೋಟೆಲು, ಹಡಗುಗಳ ವಿಭಾಗದಿಂದಲೇ ಸುಮಾರು 9.3 ಶತಕೋಟಿ ಬಂದಿದೆ. ಹತ್ತು ವರ್ಷಗಳಲ್ಲಿ ಇದೇ ವಿಭಾಗದಲ್ಲಿ 60 ಶತಕೋಟಿ ಡಾಲರ್ ತೊಡಗಿಸುವುದಾಗಿ 2023ರಲ್ಲಿ ಘೋಷಿಸಿದ್ದಾರೆ. ಇಡೀ ಸಂಸ್ಥೆಯ ಲಾಭದ ಭಾರವನ್ನು ಹೆಚ್ಚಾಗಿ ಹೊರುತ್ತಿರುವುದು ಪಾರ್ಕಿಗೆ ಬರುವ ಕುಟುಂಬಗಳು. ಹೀಗಿರುವಾಗ ಪ್ರತಿ ವರ್ಷ ದರವೇರಿಕೆ ಬರುವುದೆಂದೇ ಎಣಿಸಿ ಯೋಜನೆ ಹಾಕಬೇಕು.

ಜಯನಗರ ನಾಲ್ಕನೇ ಬ್ಲಾಕ್ (ಬೆಂಗಳೂರು)

ಇದು ಅಮೆರಿಕದ ಮಾತಷ್ಟೇ ಆಗಿ ಉಳಿದಿಲ್ಲವೆಂದು ಸೇರಿಸಲು ಬರೆಯುತ್ತಿದ್ದೇನೆ. ಬಿಡದಿ ಬಳಿಯ ವಂಡರ್‌ಲಾದಲ್ಲಿಯೂ ಸಾಮಾನ್ಯ ಟಿಕೆಟ್ ಒಂದು, ಸಾಲು ತಪ್ಪಿಸುವ ಫಾಸ್ಟ್‌ಟ್ರ್ಯಾಕ್ ಟಿಕೆಟ್ ಇನ್ನೊಂದು, ವಾರದ ದಿನಗಳಿಗೂ ರಜಾದಿನಗಳಿಗೂ ದರದಲ್ಲಿ ವ್ಯತ್ಯಾಸವಿದೆ, ಮೇಲೆ ಶೇ. 18 ಜಿಎಸ್‌ಟಿ. ಅದಾದರೂ 2017ರಲ್ಲಿ ಶೇ. 28 ಇತ್ತು, 2018ರ ಜನವರಿಯಲ್ಲಿ ಇಳಿಯಿತು. ನಮ್ಮಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರಿನಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ, ಆನ್‌ಲೈನ್ ಖರೀದಿಯ ಕೊನೆಯ ಹಂತದಲ್ಲಿ ಶುಲ್ಕ ಬಯಲುಮಾಡುವುದನ್ನೂ, ಕೇಳದೆ ಬುಟ್ಟಿಗೆ ಏನನ್ನಾದರೂ ಸೇರಿಸುವುದನ್ನೂ ಅನುಚಿತ ವ್ಯಾಪಾರ ಪದ್ಧತಿಗಳಲ್ಲಿ ಎಣಿಸಿದ್ದಾರೆ. ಇಲ್ಲಿಂದ ಟಿಕೆಟ್ ಕೊಳ್ಳುವವರು ಪಾವತಿಯ ಪುಟದಲ್ಲಿ ವಿಮೆ, ದೇಣಿಗೆಯಂಥ ಚೌಕಗಳಿಗೆ ತಾನಾಗಿ ಗುರುತು ಬಿದ್ದಿದೆಯೇ ಎಂದು ನೋಡಿಕೊಳ್ಳಬೇಕು, ಬಿದ್ದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬೇಕು. ದೂರು ಹೋಗದಿದ್ದರೆ ನಿಯಮ ಕಾಗದದಲ್ಲೇ ಉಳಿಯುತ್ತದೆ.

ತುಂಗಾತೀರ (ಶಾರ್ಲೆಟ್, ನಾರ್ತ್ ಕೆರೊಲೈನಾ)

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ನೀವು ಹೇಳಿದಂತೆ ಪಾರ್ಕಿಂಗ್, ತೆರಿಗೆ, ಹೆಚ್ಚುವರಿ ವಯಸ್ಕರ ದರ ಎಲ್ಲವನ್ನೂ ಸೇರಿಸಿ ಬರೆದುಕೊಂಡ ಮೇಲೆ, ಹೊರಗಿನ ಹೋಟೆಲಿಗೂ ಡಿಸ್ನಿಯ ಎರಡು ಸಾಧಾರಣ ಕೋಣೆಗಳಿಗೂ ವ್ಯತ್ಯಾಸ ಬಹಳ ಕಡಿಮೆಯಾಯಿತು. ಮಧ್ಯಾಹ್ನ ಬಸ್ಸಿನಲ್ಲಿ ಕೋಣೆಗೆ ಮರಳಿ ಅಮ್ಮ ಕಾಲು ಚಾಚಿ ಮಲಗಬಹುದೆಂಬ ಕಾರಣಕ್ಕೆ ಒಳಗಿನ ಹೋಟೆಲನ್ನೇ ಆರಿಸಿಕೊಳ್ಳುತ್ತಿದ್ದೇವೆ. ಅಪ್ಪ ಅಮ್ಮನಿಗೆ ಎರಡು ದಿನದ ಟಿಕೆಟ್ ಮಾತ್ರ. ಅಟ್ಲಾಂಟಾ ಕನ್ನಡಿಗರ ಮಾತು ಮನಸ್ಸಿಗೆ ನಾಟಿತು. ಆದರೂ ಅಪ್ಪ ಅಮ್ಮ ಜೊತೆಗಿರುವ ದಿನ ಮ್ಯಾಜಿಕ್ ಕಿಂಗ್‌ಡಮ್‌ನಲ್ಲಿ ಮಲ್ಟಿ ಪಾಸ್ ಕೊಳ್ಳುವುದು ಅನಿವಾರ್ಯವೆನಿಸುತ್ತಿದೆ. ಮಂಡಿನೋವಿಗೆ ಅಂಗವಿಕಲರ ಪಾಸ್ ಸಿಗುತ್ತದೆಯೇ? ಮಗನ ಎತ್ತರ ಸಾಲದ ಸವಾರಿಗಳಿಗೆ ಏನು ಮಾಡಬೇಕು?

ಟ್ಯಾಂಪಾ ವಾಸಿ (ಫ್ಲಾರಿಡಾ)

ಮಂಡಿನೋವಿಗೆ ಆ ಪಾಸ್ ಸಿಗುವ ಸಾಧ್ಯತೆ ತೀರಾ ಕಡಿಮೆ. 2024ರ ಮೇ ತಿಂಗಳಿಂದ ಅದನ್ನು ಮುಖ್ಯವಾಗಿ ಆಟಿಸಂನಂತಹ ಬೆಳವಣಿಗೆಯ ತೊಂದರೆಗಳಿಂದಾಗಿ ಸಾಮಾನ್ಯ ಸಾಲಿನಲ್ಲಿ ಬಹಳ ಹೊತ್ತು ಕಾಯಲಾಗದವರಿಗೆ ಸೀಮಿತಗೊಳಿಸಿದ್ದಾರೆ. ಅಮ್ಮನಿಗೆ ಗಾಲಿಕುರ್ಚಿ ಮಾಡಿಕೊಳ್ಳಿ. ಪ್ರವೇಶದ್ವಾರದ ಬಳಿ ಬಾಡಿಗೆಗೆ ಸಿಗುತ್ತದೆ, ಮೊದಲು ಬಂದವರಿಗೆ ಮೊದಲು, ಹಲವು ದಿನಕ್ಕೆ ಒಟ್ಟಿಗೆ ಪಡೆದರೆ ದಿನದ ದರ ಇಳಿಯುತ್ತದೆ. ಅದೇ ದಿನ ಬೇರೆ ಪಾರ್ಕಿಗೆ ಹೋದರೆ ರಶೀದಿ ತೋರಿಸಿದರೆ ಸಾಕು, ಮತ್ತೆ ಹಣ ಕೊಡಬೇಕಿಲ್ಲ. ಆದ್ದರಿಂದ ರಶೀದಿಯನ್ನು ಜೋಪಾನ ಮಾಡಿ. ಮನೆಯಲ್ಲಿ ಮಡಚುವ ಗಾಲಿಕುರ್ಚಿ ಇದ್ದರೆ ಕಾರಿನಲ್ಲಿ ಹಾಕಿಕೊಂಡು ಬನ್ನಿ, ಅದಕ್ಕೇನೂ ಶುಲ್ಕವಿಲ್ಲ, ಬಸ್ಸುಗಳಲ್ಲೂ ಹತ್ತಿಸಬಹುದು. ಹೆಚ್ಚಿನ ಸಾಲುಗಳಲ್ಲಿ ಕುರ್ಚಿಯೊಂದಿಗೇ ಸಾಗಬಹುದು, ಅಷ್ಟು ಹೊತ್ತೂ ಅಮ್ಮ ಕುಳಿತೇ ಇರುತ್ತಾರೆ.

ಮಗನ ವಿಷಯಕ್ಕೆ ರೈಡರ್ ಸ್ವಿಚ್ ಎಂಬ ವ್ಯವಸ್ಥೆಯಿದೆ, ಅದು ಪೂರ್ತಿ ಉಚಿತ. ಸವಾರಿಯ ಬಾಗಿಲಲ್ಲಿರುವ ಸಿಬ್ಬಂದಿಗೆ ಮಗುವನ್ನು ತೋರಿಸಿ ಕೇಳಿದರೆ, ನಿಮ್ಮಲ್ಲಿ ಒಬ್ಬರು ಮಗಳೊಂದಿಗೆ ಹೋಗಿಬರುವವರೆಗೆ ಇನ್ನೊಬ್ಬರು ಮಗನ ಬಳಿ ಇದ್ದು, ನಂತರ ಸಾಮಾನ್ಯ ಸಾಲಿನಲ್ಲಿ ಮತ್ತೆ ಮೊದಲಿನಿಂದ ನಿಲ್ಲದೆ ಲೈಟ್ನಿಂಗ್ ಲೇನ್ ಮೂಲಕ ಹೋಗಬಹುದು.

ಮಲ್ಟಿ ಪಾಸ್ ಕೊಳ್ಳುವುದೇ ಆದರೆ, ಡಿಸ್ನಿಯ ಹೋಟೆಲಿನವರಿಗೆ ಬಂದಿಳಿಯುವ ದಿನಕ್ಕಿಂತ ಏಳು ದಿನ ಮೊದಲು ಬೆಳಿಗ್ಗೆ 7 ಗಂಟೆಗೆ ಬುಕಿಂಗ್ ತೆರೆಯುತ್ತದೆ. ಹೊರಗಿನವರಿಗೆ ಮೂರು ದಿನ ಮೊದಲು ಮಾತ್ರ. ಮೂರು ಸವಾರಿಗಳನ್ನು ಮುಂಚಿತವಾಗಿ ಆರಿಸಿಕೊಳ್ಳಬಹುದು, ಒಂದನ್ನು ಮುಗಿಸಿದ ಮೇಲೆ ಇನ್ನೊಂದು. ಅಪ್ಪ ಅಮ್ಮ ಹತ್ತದ ಸವಾರಿಗಳೇ ನಿಮ್ಮ ಆಯ್ಕೆಯಲ್ಲಿ ಹೆಚ್ಚಾಗಿದ್ದರೆ ಅವರಿಬ್ಬರಿಗೆ ಕೊಳ್ಳಬೇಡಿ. ಪಾಸ್ ಪ್ರತಿಯೊಬ್ಬರ ಹೆಸರಿನಲ್ಲಿ ಬೇರೆಬೇರೆಯಾಗಿರುವುದರಿಂದ ನಾಲ್ವರಿಗೆ ಮಾತ್ರ ಪಡೆಯಲು ಅಡ್ಡಿಯಿಲ್ಲ. ರೈಲು, ದೋಣಿಗಳಂಥ ನಿಧಾನ ಸವಾರಿಗಳಿಗೆ ಮುಂಚಿತ ಪ್ರವೇಶ ಮುಗಿದ ಮೊದಲ ಒಂದು ಗಂಟೆಯಲ್ಲಿ ಹೋದರೆ ಸಾಲು ಚಿಕ್ಕದಾಗಿರುತ್ತದೆ, ಅವಕ್ಕೆ ಪಾಸಿನ ಅಗತ್ಯ ಬೀಳುವುದಿಲ್ಲ.